ಹಳದಿ ಮುಗಿದ ಭಾನುವಾರ

ಮನೆಗೆ ಒಂದು ವಸ್ತು ತರುವಾಗ ನಾವೆಲ್ಲ ಅದರ ಬೆಲೆ ಕೇಳುತ್ತೇವೆ, ಗ್ಯಾರಂಟಿ ಕೇಳುತ್ತೇವೆ, ಜೊತೆಗೆ ಏನಾದರೂ ಫ್ರೀ ಇದೆಯೇ ಎಂದು ಹಲ್ಲು ಕಿರಿಯುತ್ತೇವೆ. ಅದು ಎಷ್ಟು ಕುಡಿಯುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಕುಂಸಿಯಲ್ಲಿದ್ದ ನನ್ನ ಅಜ್ಜ ಎಮ್ಮೆ ಕೊಳ್ಳಲು ಹೋದರೆ ಹಾಲಿನ ಮಾತು ಆಮೇಲೆ, ಮೊದಲು ಮೇವಿನ ಮಾತು. "ಇದ್ರ ಹೊಟ್ಟೆ ಎಷ್ಟು ದೊಡ್ಡದು ಹೇಳು ಮಾರಾಯ" ಎನ್ನುತ್ತಿದ್ದರಂತೆ. ಅಂಥವರ ಮೊಮ್ಮಗನಾದ ನಾನು ಆಫರ್ ಬೋರ್ಡು ಕಂಡ ಕೂಡಲೇ ಒಂದು ಕಲರ್ ಪ್ರಿಂಟರನ್ನು ಆಟೊದಲ್ಲಿ ಹೇರಿಕೊಂಡು ಶಿವಮೊಗ್ಗದ ರವೀಂದ್ರನಗರದ ಮನೆಗೆ ಬಂದೆ. "ಬೀದಿ ತುದೀಲೇ ಜೆರಾಕ್ಸ್ ಅಂಗಡಿ ಇದ್ಯಲ್ರೀ" ಎಂದಳು ನನ್ನ ಹೆಂಡತಿ ಗಿರಿಜೆ. "ದುಡ್ಡು ಉಳಿಯುತ್ತೆ ಕಣೇ" ಎಂದೆ. ಆ ಮಾತನ್ನು ಅವಳು ಮರೆತಿರಬಹುದು ಎಂಬ ಆಸೆಯಲ್ಲೇ ಇಂದಿಗೂ ಬದುಕಿದ್ದೇನೆ.

ಈ ಯಂತ್ರಕ್ಕೆ ಕಪ್ಪು, ನೀಲಿ, ಕೆಂಪು, ಹಳದಿ ಎಂದು ನಾಲ್ಕು ಇಂಕಿನ ಡಬ್ಬಿ. ನಾಲ್ಕೂ ಸೇರಿದರೆ ಅರ್ಧ ಲೋಟ ಕಾಫಿಯಷ್ಟೂ ಆಗದು. ಬೆಲೆ ಮಾತ್ರ ಪ್ರಿಂಟರಿನ ಬೆಲೆಗೆ ಹತ್ತಿರ ಹತ್ತಿರ. ಹೋಗಲಿ, ಆ ಇಂಕಾದರೂ ಪೂರ್ತಿ ಕಾಗದಕ್ಕೆ ಹೋಗುತ್ತದೆಯೇ? ಸ್ವಿಚ್ ಹಾಕಿದೊಡನೆ ಅದು ಮುಖ್ಯ ಅತಿಥಿಗಳು ಮೈಕಿನ ಮುಂದೆ ಕೆಮ್ಮುವ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತದೆ. ಒಂದೊಂದು ಕೆಮ್ಮಿಗೂ ಒಳಗೊಳಗೇ ಇಂಕು ಸುರಿದುಕೊಂಡು ಬಾಯಿ ತೊಳೆಯುತ್ತದೆ. ಹಾಗಾದರೆ ಬಳಸುವುದೇ ಬೇಡ ಎಂದು ಸುಮ್ಮನಿಟ್ಟೆ. ಇಂಕು ಒಣಗಿ ಕೂತಿತು. ರಿಪೇರಿಗೆ ಬಂದವನು "ವಾರಕ್ಕೊಂದಾದ್ರೂ ಕಲರ್ ಪೇಜ್ ತೆಗೀತಾ ಇರಿ ಸಾರ್" ಎಂದು ಬುದ್ಧಿ ಹೇಳಿದ. ಅಲ್ಲಿಂದ ಪ್ರತಿ ವಾರ ಒಂದು ಬಣ್ಣದ ಚಿತ್ರ ತೆಗೆಯುವುದು ನನ್ನ ವ್ರತವಾಯಿತು. ನನಗೆ ಮಾವಿನಹಣ್ಣೆಂದರೆ ಪ್ರಾಣ. ರಸಪುರಿ, ಬಾದಾಮಿ, ಮಲ್ಲಿಕಾ ಎಲ್ಲವೂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡವು. ಮಾವು ಸಾಕೆನಿಸಿದಾಗ ಸೂರ್ಯಕಾಂತಿ. "ಒಣಗ್ಬಾರ್ದು ಅಂತ ಖರ್ಚು ಮಾಡೋದು, ಖರ್ಚಾಯ್ತು ಅಂತ ತರೋದು. ಇದ್ಯಾವ ಸೀಮೆ ಉಳಿತಾಯ ಮಾರಾಯ್ರೆ?" ಎಂದಳು ಗಿರಿಜೆ. ಹೆಂಗಸರಿಗೆ ಯಂತ್ರಗಳ ಸೂಕ್ಷ್ಮ ತಿಳಿಯದು ಎಂದುಕೊಂಡು ಇನ್ನೊಂದು ಸೂರ್ಯಕಾಂತಿ ತೆಗೆದೆ.

ಹೀಗಿರುವಾಗ ಭದ್ರಾವತಿಯ ಜನ್ನಾಪುರದಲ್ಲಿ, ನನ್ನ ಮಾವನ ಮನೆಯಲ್ಲಿ, ನಾದಿನಿಯ ಮಗುವಿಗೆ ನಾಮಕರಣ ನಿಶ್ಚಯವಾಯಿತು. ಮಾವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಂತ್ರವನ್ನು ನಂಬುತ್ತಾರೆ, ಅಳಿಯನನ್ನು ಅಷ್ಟಾಗಿ ನಂಬುವುದಿಲ್ಲ. ಪತ್ರಿಕೆಯನ್ನು ಪ್ರೆಸ್ಸಿಗೆ ಕೊಡುವ ಮಾತು ಬಂದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಪ್ರೆಸ್ ಯಾಕೆ ಮಾವ? ಮನೇಲೇ ಪ್ರಿಂಟರ್ ಇದೆ, ನಾನೇ ಮಾಡ್ಕೊಂಡು ಬರ್ತೀನಿ" ಎಂದುಬಿಟ್ಟೆ, ನೆಂಟರೆಲ್ಲ ಕೂತಿದ್ದಾಗ.

ಮಾವ ಕನ್ನಡಕದ ಮೇಲಿಂದ ನೋಡಿದರು. "ನೋಡಿ ಅಳಿಯಂದ್ರೆ, ಸೋಮವಾರ ಬೆಳಗ್ಗೆ ಮೊದಲ್ನೇ ಪತ್ರಿಕೆ ದೇವ್ರ ಮುಂದೆ ಇಡ್ಬೇಕು. ಆಮೇಲೆ ಎಲ್ಲಾ ಪತ್ರಿಕೆಗೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅವತ್ತೇ ಹಂಚೋಕೆ ಹೊರಡ್ಬೇಕು. ನಿಮ್ಮನ್ನೇ ನಂಬಿದೀನಿ." ಮದುವೆಯಾದಾಗಿನಿಂದ ಅವರು ನನ್ನನ್ನು ನಂಬಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಎದೆ ಉಬ್ಬಿಸಿಕೊಂಡೇ ಕೂತಿದ್ದೆ.

ಭಾನುವಾರ ಸಂಜೆ ಕೆಲಸಕ್ಕೆ ಕೂತೆ. ಶುಭಕಾರ್ಯದ ಪತ್ರಿಕೆಗೆ ನಮ್ಮಲ್ಲಿ ಕಪ್ಪು ಅಕ್ಷರ ಆಗದು, ಅದು ತಿಥಿಯ ಕಾರ್ಡಿಗೆ. ಹಾಗಾಗಿ ಕುಂಕುಮದ ಬಣ್ಣದ ಅಕ್ಷರ, ಮೇಲೊಂದು ತೊಟ್ಟಿಲ ಚಿತ್ರ. ಯಂತ್ರ ಕೆಮ್ಮಿತು, ಮತ್ತೆ ಕೆಮ್ಮಿತು, ಮೊದಲನೇ ಪತ್ರಿಕೆಯನ್ನು ಕಣ್ಣಿಗೆ ಹಬ್ಬವಾಗುವಂತೆ ಹೊರಗೆ ಹಾಕಿತು. ಆಮೇಲೆ ನಿಂತಿತು. ಹಳದಿ ಮುಗಿದಿದೆ, ಹೊಸದು ಹಾಕಿ ಎಂದು ಪರದೆಯ ಮೇಲೆ ಬಂತು. ಹಳದಿಯ ಸೋಂಕೇ ಇಲ್ಲದ ನೀಲಿ ಅಕ್ಷರದಲ್ಲಾದರೂ ಕೊಡು ಎಂದೆ. ಇಲ್ಲ. ಕೊನೆಗೆ ಶಾಸ್ತ್ರ ಬಿಟ್ಟು ಕಪ್ಪಾದರೂ ಸರಿ ಎಂದೆ. ಅದಕ್ಕೂ ಇಲ್ಲ. ಉಪ್ಪು ಮುಗಿದಿದೆ ಎಂದು ಕಾಫಿ ಮಾಡಲೊಲ್ಲದ ಅಡುಗೆಯವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಂಕಿನ ಅಂಗಡಿಗೆ ಫೋನ್ ಮಾಡಿದರೆ ಭಾನುವಾರ ರಜೆ. ಬೀದಿ ತುದಿಯ ಜೆರಾಕ್ಸ್ ಅಂಗಡಿಗೂ ಬೀಗ. "ಈ ಹಾಳು ಹಳದಿ ಎಲ್ಲಿ ಹೋಯ್ತು?" ಎಂದು ತಲೆ ಚಚ್ಚಿಕೊಂಡೆ. ಗಿರಿಜೆ ಫ್ರಿಜ್ಜಿನ ಕಡೆ ಕೈ ತೋರಿಸಿದಳು. "ಎಲ್ಲೂ ಹೋಗಿಲ್ಲ. ನೀವೇ ಅಂಟಿಸಿದ್ದೀರಲ್ಲ."

ಒಂದೇ ಒಂದು ಪತ್ರಿಕೆ ಹಿಡಿದು ಸೋಮವಾರ ಬೆಳಗ್ಗೆ ಗಿರಿಜೆಯೊಂದಿಗೆ ಜನ್ನಾಪುರದಲ್ಲಿ ಇಳಿದಾಗ ನನಗೆ ನಿಜಕ್ಕೂ ಅಳು ಬರುವಂತಾಗಿತ್ತು. ಮಾವ ಹಣೆತುಂಬ ವಿಭೂತಿ ಧರಿಸಿ ಕಾಯುತ್ತಿದ್ದರು. ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಕೈಮುಗಿದು, "ಉಳಿದವು ಕೊಡಿ" ಎಂದು ನನ್ನತ್ತ ತಿರುಗಿದರು. ಗಿರಿಜೆಯೇ ಮುಂದೆ ಬಂದಳು. "ಮೊದಲ್ನೇದು ದೇವ್ರು ನೋಡ್ಲಿ, ಆಮೇಲೆ ಉಳಿದದ್ದು ಅಂತ ಇವ್ರು ತಡೆದಿದ್ದಾರಪ್ಪ. ಈಗ ಇಲ್ಲೇ ಕಲರ್ ಜೆರಾಕ್ಸ್ ಮಾಡಿಸ್ಕೊಂಡು ಬರ್ತಾರೆ." ದೇವರ ಮುಂದೆ ಇಷ್ಟು ಸಲೀಸಾಗಿ ಸುಳ್ಳು ಹೇಳುವ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ. ಮಾವ ಕ್ಷಣ ಯೋಚಿಸಿ ದೇವರ ಮುಂದಿದ್ದ ಪತ್ರಿಕೆಯನ್ನೇ ನನ್ನ ಕೈಗಿಟ್ಟರು. ನಾನು ಬೀದಿ ತುದಿಯ ಜೆರಾಕ್ಸ್ ಅಂಗಡಿಗೆ ಓಡಿದೆ. ಅಲ್ಲಿನ ಯಂತ್ರ ಒಂದು ಸಲವೂ ಕೆಮ್ಮದೆ ಕಟ್ಟು ಕಟ್ಟಾಗಿ ಪತ್ರಿಕೆ ಉದುರಿಸಿತು. ಗಾಬರಿಯಲ್ಲಿ ನಾನು ಅವನ್ನು ಸರಿಯಾಗಿ ನೋಡಲೂ ಇಲ್ಲ.

ಮನೆಗೆ ಬಂದು ಕೊಟ್ಟಾಗ ಮಾವ ಅರಿಶಿನದ ಬಟ್ಟಲಿಗೆ ಬೆರಳು ಅದ್ದಿ ಹಾಗೇ ನಿಂತರು. ಪ್ರತಿ ಪತ್ರಿಕೆಯ ನಾಲ್ಕು ಮೂಲೆಯಲ್ಲೂ ಅವರ ಬೆರಳಿನ ಅರಿಶಿನ ಆಗಲೇ ಅಚ್ಚಾಗಿ ಕೂತಿತ್ತು! ಇನ್ನೊಂದು ಬೆರಳಿನಿಂದ ಉಜ್ಜಿ ನೋಡಿದರು, ಹೋಗಲಿಲ್ಲ. ಕಥೆ ಮುಗಿಯಿತು ಎಂದು ನಾನು ಚಪ್ಪಲಿ ಎಲ್ಲಿದೆ ಎಂದು ನೋಡತೊಡಗಿದೆ.

"ಇಲ್ನೋಡೇ!" ಎಂದು ಮಾವ ಅತ್ತೆಯನ್ನು ಕೂಗಿದರು. "ಅರಿಶಿನ ಹಚ್ಚೋ ಕೆಲ್ಸಾನೇ ಉಳೀತು. ಅಳಿಯಂದ್ರು ಅದನ್ನೂ ಸೇರ್ಸಿ ಪ್ರಿಂಟ್ ಹಾಕ್ಸಿದಾರೆ! ತಲೆ ಅಂದ್ರೆ ಇದು."

ನಾಮಕರಣದ ದಿನ ನೆಂಟರೆಲ್ಲ ನನ್ನ ತಲೆಯನ್ನು ಕೊಂಡಾಡಿದರು. ನೆಂಟರೊಬ್ಬರ ಮನೆಯ ಗೃಹಪ್ರವೇಶದ ಪತ್ರಿಕೆಯೂ ನನ್ನದೇ ಜವಾಬ್ದಾರಿ ಎಂದು ಮಾವ ಎಲ್ಲರೆದುರು ಸಾರಿದರು. ನಾನು ಬೇಡ ಎನ್ನಲಿಲ್ಲ. ಶಿವಮೊಗ್ಗಕ್ಕೆ ಬಂದು ಹೊಸ ಹಳದಿ ತಂದು ಹಾಕಿದೆ. ಯಂತ್ರ ಆ ಸಂತೋಷಕ್ಕೆ ಬಹಳ ಹೊತ್ತು ಕೆಮ್ಮಿತು. ಈಗ ನನಗೂ ಬುದ್ಧಿ ಬಂದಿದೆ. ಮಾವು, ಸೂರ್ಯಕಾಂತಿಗಳ ತಂಟೆಗೆ ಹೋಗುವುದಿಲ್ಲ. ವಾರವಾರ ತಪ್ಪದೆ ಬದನೆಕಾಯಿ, ದಾಸವಾಳ ತೆಗೆಯುತ್ತೇನೆ. ಇವತ್ತು ಬೆಳಗ್ಗೆ ಪರದೆಯ ಮೇಲೆ ಕೆಂಪು ಮುಗಿಯುತ್ತಿದೆ ಎಂದು ಬಂತು. ಗಿರಿಜೆ ಅದನ್ನು ಓದಿದಳು. ದೇವರ ಮನೆಗೆ ಹೋಗಿ ಕುಂಕುಮದ ಭರಣಿ ತಂದು ಪ್ರಿಂಟರಿನ ಪಕ್ಕದಲ್ಲಿಟ್ಟು ಹೋದಳು.