ಸೀರೆ ಅಂಗಡಿಯೊಳಗೆ ಇಂಗ್ಲಿಷ್ ರೆಕಾರ್ಡಿಂಗು

ದೊಡ್ಡಬಳ್ಳಾಪುರದಲ್ಲಿ ಸೀರೆ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿದ ನನಗೂ ಹೈಸ್ಕೂಲಿನ ಇಂಗ್ಲಿಷ್ ಪಾಠಕ್ಕೂ ಯಾವ ಸಂಬಂಧವೂ ಇರಬೇಕಾಗಿರಲಿಲ್ಲ. ಆದರೆ ನಮ್ಮ ಬೀದಿಯ ಸರ್ಕಾರಿ ಹೈಸ್ಕೂಲಿನ ಸಮಿತಿಗೆ ನನ್ನನ್ನು ಸೇರಿಸಿಕೊಂಡ ದಿನದಿಂದ ಇಂಥದ್ದು ಏನಾದರೊಂದು ನಡೆಯುತ್ತಲೇ ಇದೆ. ನಾನು ಸುಮ್ಮನೆ ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದರೂ ಅದೇ ಹುಡುಕಿಕೊಂಡು ಅಂಗಡಿಗೆ ಬರುತ್ತದೆ.

೧. ಬೀಗದೊಳಗಿನ ಟಿವಿ

ಇಂಗ್ಲಿಷ್ ಮೇಡಂ ಎರಡು ವರ್ಷ ಅರ್ಜಿ ಹಿಡಿದು ಓಡಾಡಿ, ಬೆಂಗಳೂರಿನ ಒಂದು ಕಂಪನಿಯಿಂದ ಗೋಡೆಯಗಲದ ಟಿವಿಯನ್ನೂ ಇಂಟರ್ನೆಟ್ಟನ್ನೂ ಶಾಲೆಗೆ ತರಿಸಿದರು. ಕೊಟ್ಟವರು ಒಂದು ಷರತ್ತು ಹಾಕಿದ್ದರು. ಮೂರು ತಿಂಗಳಾದ ಮೇಲೆ ಬಂದು ನೋಡುತ್ತಾರೆ. ಮಕ್ಕಳು ಇಂಗ್ಲಿಷ್ ಮಾತಾಡಿದರೆ ಟಿವಿ ಇಲ್ಲೇ, ಇಲ್ಲವಾದರೆ ನೆಲಮಂಗಲದ ಕಡೆಯ ಇನ್ನೊಂದು ಶಾಲೆಗೆ.

ತಿಂಗಳು ಕಳೆದು ಹೋಗಿ ನೋಡಿದರೆ ಟಿವಿ ಹೆಡ್ ಮಾಸ್ಟರ ಕೋಣೆಯಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ನಿಂತಿದೆ. ಕೋಣೆಗೆ ಬೀಗ ಬೇರೆ.

"ಏನ್ ಸಾರ್, ಇನ್ನೂ ಪ್ಲಾಸ್ಟಿಕ್ಕೇ ಬಿಚ್ಚಿಲ್ವಲ್ಲ?"

"ಬಳಸಿದ್ರೆ ಕೆಡುತ್ತೆ ಸಾವ್ಕಾರ್ರೇ. ಕೆಟ್ರೆ ಉತ್ತರ ಕೊಡೋನು ನಾನು."

"ಬಳಸ್ದೇ ಇದ್ರೆ ವಾಪಸ್ ತಗೊಂಡು ಹೋಗ್ತಾರಲ್ಲ?"

ಅವರ ಮುಖದಲ್ಲಿ ಒಂದು ನೆಮ್ಮದಿ ಕಾಣಿಸಿತು. "ಹೋಗ್ಲಿ ಬಿಡಿ. ಹೊಸದಾಗೇ ಹೋಗುತ್ತೆ."

೨. ಹತ್ತಕ್ಕೆ ಒಂಬತ್ತು

ಸಮಿತಿ ಸಭೆ ಕರೆದು, ಕೀಲಿ ಮೇಡಂ ಕೈಗೆ ಕೊಡಿಸಿದೆ. ಅವರು ಮೊದಲು ಶುರುಮಾಡಿದ್ದು ಮೊಬೈಲಿನಲ್ಲಿ ಆಡುವ ಇಂಗ್ಲಿಷ್ ಕ್ವಿಜ್ಜು. ದಿನಾ ಸಂಜೆ ಲಿಂಕ್ ಕಳಿಸುವುದು, ಮಕ್ಕಳು ಹತ್ತು ಪ್ರಶ್ನೆಗೆ ಉತ್ತರ ಒತ್ತುವುದು, ಬೆಳಿಗ್ಗೆ ಅಂಕ ಟಿವಿ ಮೇಲೆ ಬರುವುದು.

ನನಗೆ ಸೀರೆ ನೇಯ್ದುಕೊಡುವ ಒಬ್ಬ ನೇಕಾರರ ಮಗಳು ಆ ಕ್ಲಾಸಿನಲ್ಲಿದ್ದಳು. ಟಿವಿ ಮೇಲೆ ದಿನಾ ಅವಳದೇ ಮೊದಲ ಹೆಸರು. ಎಬ್ಬಿಸಿ ನಿಲ್ಲಿಸಿ ಕೇಳಿದರೆ ಮಾತ್ರ ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ಮೇಡಂ ತಂದೆಯನ್ನು ಕರೆಸಿದರು. ಆವತ್ತು ನಾನೂ ಅಲ್ಲೇ ಇದ್ದೆ.

"ಏನ್ರೀ ಇದು? ಕ್ವಿಜ್ಜಲ್ಲಿ ಹತ್ತಕ್ಕೆ ಒಂಬತ್ತು, ಕ್ಲಾಸಲ್ಲಿ ಸೊನ್ನೆ!"

"ಒಂಬತ್ತು ಬಂದಿದ್ದು ನಂದು ಮೇಡಂ. ಫೋನು ನನ್ ಹತ್ರ ಇರುತ್ತಲ್ಲ, ಮಗ್ಗದ ಪಕ್ಕ ನಿಂತ್ಕೊಂಡೇ ಒತ್ತಿಬಿಡ್ತೀನಿ. ಒಂಬತ್ತನೇ ಕ್ಲಾಸಿಗೆ ಬಿಟ್ಟೋನು ನೋಡಿ, ಆಸೆ."

"ಹಾಗಾದ್ರೆ ಮಗಳು?"

"ಅವಳಿಗೆ ನೀವು ಹೇಳ್ಕೊಡಿ. ಅದಿರ್ಲಿ ಮೇಡಂ, ನಿನ್ನೆ ಆ ಹತ್ತನೇದು ನಂದು ಯಾಕೆ ತಪ್ಪಾಯ್ತು?"

೩. ಸದ್ದಿಲ್ಲದ ಜಾಗ

ಇನ್ನು ಒಂದೇ ತಿಂಗಳು ಉಳಿದಿತ್ತು. ಬೆರಳಿಗೆ ಇಂಗ್ಲಿಷ್ ಕಲಿಸಿದ್ದು ಸಾಕು, ನಾಲಿಗೆಗೆ ಕಲಿಸೋಣ ಅಂತ ಮೇಡಂ ಒಂದು ವೆಬ್‌ಸೈಟ್ ಹುಡುಕಿದರು. "ನನ್ನ ಊರು" ಅಂತ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿ ಕಳಿಸಿದರೆ, ಎಲ್ಲಿ ತಡವರಿಸಿದಿರಿ ಅಂತ ಅದೇ ಹೇಳುತ್ತದೆ.

ನಮ್ಮೂರಲ್ಲಿ ಮಗ್ಗವಿಲ್ಲದ ಮನೆ ಹುಡುಕಬೇಕು. ಆ ಟಕಟಕದ ಮಧ್ಯೆ ಮಕ್ಕಳು ಕತ್ತಿನ ನರ ಉಬ್ಬುವ ಹಾಗೆ ಕೂಗಿದರೂ ವೆಬ್‌ಸೈಟಿನದು ಒಂದೇ ಉತ್ತರ: ಯಾರ ಧ್ವನಿಯೂ ಕೇಳಿಸುತ್ತಿಲ್ಲ, ದಯವಿಟ್ಟು ಮಾತಾಡಿ. ಕರೆಂಟ್ ಹೋಗಲಿ ಅಂತ ಕಾದರು. ಕರೆಂಟ್ ಹೋಯಿತು, ಮಗ್ಗ ನಿಂತಿತು, ಜೊತೆಗೆ ಟವರೂ ನಿಂತಿತು.

ಆ ನೇಕಾರರ ಮಗಳೇ ಒಂದು ದಿನ ಅಂಗಡಿಗೆ ಬಂದಳು. "ತಾತ, ನಿಮ್ಮ ಒಳಕೋಣೇಲಿ ಕೂತ್ರೆ ಮಗ್ಗದ ಸದ್ದೇ ಕೇಳಲ್ಲ. ಅಲ್ಲಿ ಮಾತಾಡ್ಲಾ?"

ನಿಜ. ಗಲ್ಲಾಪೆಟ್ಟಿಗೆಯ ಬೆನ್ನಿಗೇ ಇರುವ, ನೆಲದಿಂದ ಸೂರಿನವರೆಗೆ ಸೀರೆ ಜೋಡಿಸಿದ ಕೋಣೆ. ಸದ್ದನ್ನೆಲ್ಲ ಬಟ್ಟೆ ನುಂಗಿಬಿಡುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆದಿರಬೇಕು, ಸ್ಟಾಕ್ ಮುಟ್ಟಬಾರದು ಅಂತ ಹೇಳಿ ಒಪ್ಪಿದೆ. ಮಾರನೇ ದಿನದಿಂದ ಕ್ಲಾಸಿಗೆ ಕ್ಲಾಸೇ ಸರದಿಯಲ್ಲಿ ಬರತೊಡಗಿತು. ಕರೆದುಕೊಂಡು ಹೋಗಲು ತಾಯಂದಿರು ಬರುತ್ತಾರೆ, ಕಾಯುತ್ತಾ ಕೂತವರು ಒಂದೆರಡು ಸೀರೆ ನೋಡದೇ ಇರುತ್ತಾರಾ ಅನ್ನುವುದು ನನ್ನ ಲೆಕ್ಕಾಚಾರ.

ಕೂತರು. ನೋಡಿದರು. ಅಷ್ಟರಲ್ಲಿ ಯಲಹಂಕದ ಕಡೆಯಿಂದ ಒಬ್ಬ ಗಿರಾಕಿ ಬಂದು, ಸೀರೆ ಸವರುತ್ತಾ, "ಇದು ಪ್ಯೂರ್ ಸಿಲ್ಕಾ?" ಅಂದರು.

ನಾನು ನಗುಮುಖ ಮಾಡಿ ಬಾಯಿ ತೆರೆಯುವ ಮೊದಲೇ ಆ ಹುಡುಗಿಯ ತಾಯಿ ಅಂದರು: "ಎಲ್ಲೀದಮ್ಮಾ! ಆರ್ಟ್ ಸಿಲ್ಕು. ನಮ್ಮನೆಯವ್ರೇ ನೇಯ್ದಿದ್ದು."

೪. ಹನ್ನೊಂದು

ಕಂಪನಿಯವರು ಬರುವ ದಿನ ಬಂತು. ತರಗತಿಯ ತುಂಬ ಮಕ್ಕಳು, ಹಿಂದೆ ತಂದೆ ತಾಯಂದಿರು, ಮುಂದಿನ ಸಾಲಿನಲ್ಲಿ ಹೆಡ್ ಮಾಸ್ಟರ್ ಪಕ್ಕ ನಾನು. ಮೇಡಂ ರಿಮೋಟು ಹಿಡಿದು ಟಿವಿ ಪಕ್ಕ ನಿಂತಿದ್ದರು. ಬಂದ ಅಧಿಕಾರಿ ಒಬ್ಬ ಹೆಂಗಸು. ನಾನು ಮುಖ ಮರೆಯುತ್ತೇನೆ, ಸೀರೆ ಮರೆಯುವುದಿಲ್ಲ. ಗಿಳಿಹಸಿರು, ಮರೂನ್ ಅಂಚು. ಹಿಂದಿನ ವಾರ ಚೂಡಿದಾರ್ ಹಾಕಿಕೊಂಡು ಬಂದಿದ್ದ ಯಾರೋ ಒಬ್ಬರಿಗೆ ನಾನೇ ಕೊಟ್ಟದ್ದು. ಪರವಾಗಿಲ್ಲ, ಪುಕ್ಕಟೆ ಪ್ರಚಾರ ಅಂದುಕೊಂಡು ಖುಷಿಪಟ್ಟೆ.

"ಬಾಯಿಪಾಠ ಎಲ್ಲಾ ಶಾಲೇಲೂ ಒಪ್ಪಿಸ್ತಾರೆ," ಅಂದರು ಆಕೆ. "ಪುಸ್ತಕದಲ್ಲಿಲ್ಲದ ಪ್ರಶ್ನೆಗೆ ಉತ್ತರ ಬಂದ್ರೆ ನಂಬ್ತೀನಿ. ಇಲ್ಲಾಂದ್ರೆ ಟಿವಿ ನಾಳೇನೇ ಬಿಚ್ಚಿಸ್ತೀನಿ."

ಮೇಡಂ ಮೊದಲು ಆ ಹುಡುಗಿಯ ರೆಕಾರ್ಡಿಂಗ್ ಹಾಕಿದರು. "ಈ ವೆಬ್‌ಸೈಟು ಮಗ್ಗದ ಸದ್ದು ಸ್ವಲ್ಪ ಇದ್ರೂ ತೆಗೆದುಹಾಕಿ, ಮನುಷ್ಯರ ಮಾತು ಮಾತ್ರ ಉಳಿಸುತ್ತೆ ಮೇಡಂ," ಅಂತ ಹೆಮ್ಮೆಯಿಂದ ಹೇಳಿದರು.

ಉಳಿಸಿತ್ತು. ಹುಡುಗಿ ಇಂಗ್ಲಿಷಿನಲ್ಲಿ ನಮ್ಮೂರಿನ ಜನ ಎಷ್ಟು ಪ್ರಾಮಾಣಿಕರು ಅಂತ ಹೇಳುತ್ತಿದ್ದರೆ, ಅದರ ಹಿಂದೆಯೇ ನನ್ನ ಧ್ವನಿ ಗಂಟೆ ಹೊಡೆದಂತೆ ಬಂತು: "ತಾಯೀ, ಈ ಬಣ್ಣದಲ್ಲಿ ಇದೊಂದೇ ಪೀಸು. ಇನ್ನೊಂದು ಬೇಕು ಅಂದ್ರೂ ಸಿಗಲ್ಲ." ಹುಡುಗಿ ಕೆರೆಯ ವಿಷಯಕ್ಕೆ ಬರುವಷ್ಟರಲ್ಲಿ ಮತ್ತೆ ನಾನೇ, ಈ ಸಲ ಅಂಗಡಿಯಲ್ಲಿ ಜೊತೆಗಿರುವ ನನ್ನ ತಮ್ಮನಿಗೆ: "ಹೋದ್ರೇನೋ? ಸರಿ, ಶೆಲ್ಫಲ್ಲಿ ಅದೇ ಬಣ್ಣದ್ದು ಇನ್ನೊಂದು ಮುಂದಕ್ಕೆ ಎಳ್ದಿಡು."

ಆಕೆ ಸೆರಗು ನೋಡಿಕೊಂಡರು. ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ಮೇಡಂ ಮುಖ ಸುಣ್ಣದ ಗೋಡೆಯಂತಾಗಿತ್ತು. ಎರಡು ವರ್ಷದ ಓಡಾಟ ನನ್ನ ಬಾಯಿಂದ ಹಾಳಾಯಿತು ಅಂತ ನನಗೂ ಖಾತ್ರಿಯಾಯಿತು.

ಆಕೆ ಹುಡುಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲೇ ಕೇಳಿದರು, ಅಂಥ ಸೀರೆ ಇನ್ನೆಷ್ಟಿವೆ ಅಂತ. ಇದಂತೂ ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ.

ಹುಡುಗಿ ಎದ್ದು ನಿಂತಳು. ಆ ಬಣ್ಣದ್ದು ಒಂದು ಡಜನ್ ನೇಯ್ದುಕೊಟ್ಟವರು ಅವಳ ಅಪ್ಪನೇ, ಹದಿನೈದು ದಿನ ಅವುಗಳ ಮಧ್ಯೆ ಕೂತವಳು ಅವಳೇ. ಏನನ್ನೇ ಕೇಳಿದರೂ ಪೂರ್ತಿ ವಾಕ್ಯದಲ್ಲಿ ಹೇಳಬೇಕು ಅಂತ ಮೇಡಂ ತಿದ್ದಿದ್ದರು.

"ದೇರ್ ಆರ್ ಇಲೆವೆನ್ ಮೋರ್ ಸಾರೀಸ್, ಮೇಡಂ," ಅಂದಳು ಒಂದು ಕಡೆಯೂ ತಡವರಿಸದೆ. ಯಾರೂ ಕೇಳದಿದ್ದರೂ ಮುಂದುವರಿಸಿದಳು: "ಫೈವ್ ಆನ್ ದ ಟಾಪ್ ಶೆಲ್ಫ್. ಸಿಕ್ಸ್ ಬಿಹೈಂಡ್ ದ ಡೋರ್."

ಹಿಂದಿನ ಸಾಲಿನಿಂದ ಅವಳಪ್ಪ ಕೂಗಿದರು: "ಹತ್ತಕ್ಕೆ ಹತ್ತು!"

ಆಕೆಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕಾಗದಕ್ಕೆ ಸಹಿ ಹಾಕಿದರು. ಟಿವಿ ಶಾಲೆಯಲ್ಲೇ ಉಳಿಯಿತು. ಆ ಹನ್ನೊಂದು ಸೀರೆಗಳೂ ಇನ್ನೂ ನನ್ನ ಅಂಗಡಿಯಲ್ಲೇ ಇವೆ. ಐದು ಮೇಲಿನ ಶೆಲ್ಫಿನಲ್ಲಿ, ಆರು ಬಾಗಿಲ ಹಿಂದೆ.