ಕೆಡಲು ಒಪ್ಪದ ಕಲರ್ ಟಿ.ವಿ.ಯವರ ಸನ್ನಿಧಾನಕ್ಕೆ

ಮಾನ್ಯರೇ,

ನಾಲ್ಕು ಕಾಲು, ಎರಡು ಮರದ ಬಾಗಿಲು, ಒಂದು ಉಬ್ಬಿದ ಗಾಜಿನ ಮುಖ, ಜೊತೆಗೆ ಈ ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಗಾಂಭೀರ್ಯ, ಇಷ್ಟನ್ನೂ ಹೊತ್ತು ಹಾಲಿನ ಮೂಲೆಯಲ್ಲಿ ವಿರಾಜಮಾನರಾಗಿರುವ ತಮಗೆ ಈ ಮನೆಯ ಸೊಸೆಯ ಸವಿನಯ ನಮಸ್ಕಾರಗಳು. ತಮ್ಮ ಹೊಸ ಪಾಲಿಶ್ ಕ್ಷೇಮವಾಗಿದೆಯೆಂದೂ, ಸ್ಪೀಕರಿನ ಮುಂದೆ ಹಾಕಿಸಿದ ಹೊಸ ಬಟ್ಟೆಗೆ ಇನ್ನೂ ಯಾರೂ ಕೈ ಒರೆಸಿಲ್ಲವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಗುಟ್ಟಾಗಿ ಕಿವಿಯಲ್ಲಿ ಹೇಳೋಣವೆಂದರೆ ತಮಗೆ ಬಾಯಿಯಿದೆಯೇ ಹೊರತು ಕಿವಿಯಿಲ್ಲ. ಆದ್ದರಿಂದ ಪತ್ರಿಕೆಗೇ ಕೊಟ್ಟುಬಿಡುತ್ತಿದ್ದೇನೆ. ನಮ್ಮ ಅತ್ತೆ ಪೇಪರಿನಲ್ಲಿ ಓದುವುದು ನಿಧನವಾರ್ತೆಯ ಪುಟವೊಂದನ್ನೇ ಆದ್ದರಿಂದ ಅವರ ಕಣ್ಣಿಗೆ ಬೀಳುವ ಭಯವೂ ಇಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವಳು. ನೀರು ಬರುತ್ತಿಲ್ಲ, ಬಂದದ್ದು ಕೆಂಪಗಿದೆ, ಬರಬಾರದ ಹೊತ್ತಿನಲ್ಲಿ ಬಂದು ಮನೆಯೆಲ್ಲ ತುಂಬಿತು ಎಂದು ಜನ ಬರೆದು ತರುವ ಕಾಗದಗಳನ್ನು ಓದಿ ಓದಿ, ದೂರನ್ನು ಹೇಗೆ ಶುರುಮಾಡಬೇಕು, ಎಲ್ಲಿ ಕೈಮುಗಿಯಬೇಕು, ಎಲ್ಲಿ ಸಣ್ಣಗೆ ಹೆದರಿಸಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಗಿದೆ. ಆದರೆ ಇಷ್ಟು ವರ್ಷದ ಸರ್ವೀಸಿನಲ್ಲಿ, ಒಂದು ವಸ್ತು ಕೆಡುತ್ತಿಲ್ಲ ಎಂದು ದೂರು ತಂದವರನ್ನು ನಾನು ಕಂಡಿಲ್ಲ. ಆ ಮೊದಲ ದೂರನ್ನು ಸಲ್ಲಿಸುವ ಭಾಗ್ಯವನ್ನು ತಾವು ನನಗೇ ಕರುಣಿಸಿದ್ದೀರಿ. ರಿಪೇರಿಯಾಗಿ ಮನೆಗೆ ವಾಪಸು ಬಂದ ಮೇಲೆ ತಾವು ಒಂದು ಸಲವೂ ಕೆಟ್ಟಿಲ್ಲ. ಇದು ತಮ್ಮಂಥ ಹಿರಿಯರಿಗೆ ಶೋಭೆಯಲ್ಲ.

ತಮ್ಮ ಪೂರ್ವಚರಿತ್ರೆಯನ್ನು ತಮಗೇ ನೆನಪಿಸುವುದು ಉದ್ಧಟತನ, ಕ್ಷಮಿಸಬೇಕು. ತಾವು ಮೊದಲು ಈ ಮನೆಗೆ ಬಂದಾಗ ನಮ್ಮ ಮನೆಯವರು ಇನ್ನೂ ಚಡ್ಡಿ ಹಾಕುತ್ತಿದ್ದರಂತೆ. ಬಂದ ವರ್ಷವೇ ತಾವು ಒಂದು ಅಭ್ಯಾಸ ಬೆಳೆಸಿಕೊಂಡಿರಿ. ಸಿನಿಮಾದಲ್ಲಿ ನಾಯಕಿ ಇನ್ನೇನು ಅಳಬೇಕು, ವಾರ್ತೆಯಲ್ಲಿ ಮುಖ್ಯ ವಿಷಯ ಇನ್ನೇನು ಬರಬೇಕು ಎನ್ನುವಷ್ಟರಲ್ಲಿ ಪರದೆಯ ಮೇಲಿನ ಮುಖಗಳೆಲ್ಲ ಎಳೆ ಹಸಿರಿಗೆ ತಿರುಗಿಬಿಡುತ್ತಿದ್ದವು. ಆಗ ತಮ್ಮ ಎಡಗಡೆಗೆ, ಮೇಲಿನ ಅಂಚಿನಿಂದ ಒಂದು ಗೇಣು ಕೆಳಗೆ, ಅಂಗೈ ಅಗಲಿಸಿದ ಏಟು ಬಿದ್ದರೆ ಮನುಷ್ಯರು ಮತ್ತೆ ಮನುಷ್ಯರ ಬಣ್ಣಕ್ಕೆ ಬರುತ್ತಿದ್ದರು. ಆದರೆ ಆ ಏಟು ನಮ್ಮ ಅತ್ತೆಯದೇ ಆಗಿರಬೇಕಿತ್ತು. ಮಾವ ಹೊಡೆದರೆ ಚಿತ್ರವೇ ಹೋಗುತ್ತಿತ್ತು. ಮಗ ಹೊಡೆದರೆ ಹಸಿರು ಇನ್ನಷ್ಟು ಗಾಢವಾಗುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಳ್ಳೆ ಸೊಸೆ ಅನ್ನಿಸಿಕೊಳ್ಳೋಣವೆಂದು ಒಂದು ಕೊಟ್ಟೆ ನೋಡಿ, ತಾವು ವಾರವಿಡೀ ಮಾತೇ ಆಡಲಿಲ್ಲ.

ಹಾಗಾಗಿ ಮುಖಗಳು ಹಸಿರಾದ ಕೂಡಲೇ ಇಡೀ ಮನೆ ಒಂದೇ ಬಾಯಲ್ಲಿ ಅವರನ್ನು ಕರೆಯುತ್ತಿತ್ತು. ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ, ಆಪರೇಷನ್ನಿಗೆ ಬರುವ ದೊಡ್ಡ ಡಾಕ್ಟರಂತೆ ಬಂದು, ಹೊಡೆದು, ಮುಖ ಸರಿಯಾಯಿತೇ ಎಂದು ನೋಡಿ, ವಾಪಸು ಹೋಗುವ ಮೊದಲು ನಮ್ಮನ್ನೆಲ್ಲ ಒಂದು ಸುತ್ತು ಬೈದು ಹೋಗುತ್ತಿದ್ದರು. ಮಾವನಿಗೆ ಕಾಲು ಚಾಚಿದ್ದಕ್ಕೆ, ಮಗನಿಗೆ ತಲೆ ಬಾಚದ್ದಕ್ಕೆ, ನನಗೆ ಹೊದಿಕೆ ಮಡಿಸುವ ರೀತಿಗೆ. ನಾನು ಹೊದಿಕೆ ಮಡಿಸಿದರೆ ಅದರೊಳಗೆ ಇನ್ನೂ ಯಾರೋ ಮಲಗಿರುವ ಹಾಗೆ ಕಾಣುತ್ತದೆ ಎಂಬುದು ಅವರ ಖಾಯಂ ಆಕ್ಷೇಪಣೆಯಾಗಿತ್ತು. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಒಂದು ದಿನ ತಾವು ಅತ್ತೆಯ ಏಟಿಗೂ ಬಗ್ಗದೆ ಕಣ್ಣು ಮುಚ್ಚಿದಿರಿ. ಗೋಡೆಗೆ ಒಂದು ತೆಳ್ಳಗಿನ ಹೊಸ ಟಿ.ವಿ. ಬಂತು. ಅದಕ್ಕೆ ಹೊಡೆಯುವುದಕ್ಕೆ ಮೈಯೇ ಇರಲಿಲ್ಲ. ತಮ್ಮನ್ನು ಹಿಂದಿನ ಕೋಣೆಗೆ ನೂಕಿ, ತಲೆಯ ಮೇಲೆ ನಾನು ಮಡಿಸಿದ ಅದೇ ಹೊದಿಕೆಗಳನ್ನು ಪೇರಿಸಿದೆವು. ಆ ಅವಮಾನವನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಈಗ ಸೇಡು ತೀರಿಸಿಕೊಳ್ಳುತ್ತಿದ್ದೀರೇನೋ ಎಂಬ ಸಂಶಯವೂ ನನಗಿದೆ.

ಈಗ ದೂರಿನ ಮೂಲಕ್ಕೆ ಬರುತ್ತೇನೆ. ಈ ವರ್ಷ ಅತ್ತೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು. ಮೂಳೆ ಕೂಡಿತು, ನಡೆದಾಡುವಂತಾದರು, ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಆದರೆ ಮನೆಗೆ ಬಂದವರು ಕೋಣೆ ಸೇರಿಕೊಂಡು, ಅಡುಗೆಮನೆಯನ್ನು ನನ್ನ ಕೈಗೊಪ್ಪಿಸಿ, ಏನು ಕೇಳಿದರೂ "ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ" ಎನ್ನತೊಡಗಿದರು. ಮಾನ್ಯರೇ, ಆ ಬಾಯಲ್ಲಿ ಆ ಮಾತು ಬಂದದ್ದನ್ನು ನಾನು ನಂಬಲಿಲ್ಲ. ಪರೀಕ್ಷೆ ಮಾಡೋಣವೆಂದು ಅಡುಗೆಗೆ ಬೇಕೆಂದೇ ಎರಡು ಸಲ ಉಪ್ಪು ಹಾಕಿದೆ. ಸುಮ್ಮನೆ ತಿಂದು ತಟ್ಟೆ ತೊಳೆದಿಟ್ಟರು. ಹೊದಿಕೆಗಳನ್ನು ಮಡಿಸದೆ ಮುದ್ದೆ ಮಾಡಿ ಅವರ ಕಣ್ಣೆದುರೇ ಒಗೆದೆ; ಅದರ ಪಕ್ಕದಲ್ಲೇ ಹಾದು ಹೋದರು. ಇಷ್ಟು ವರ್ಷ ಈ ಬಾಯಿಗೊಂದು ಬೀಗ ಸಿಕ್ಕಬಾರದೇ ಎಂದುಕೊಂಡಿದ್ದವಳು ನಾನೇ. ಸಿಕ್ಕಿದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ನನಗೆ ಅವರ ಬೈಗುಳ ಬೇಕಿತ್ತು, ಅದಿಲ್ಲದೆ ನಾನು ಮಾಡುವ ಯಾವ ಕೆಲಸವೂ ಮಾಡಿದ ಹಾಗೆ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಹಿಂದಿನ ಕೋಣೆಯಲ್ಲಿ ತಮ್ಮ ಪಕ್ಕ ನಿಂತು, ಎಡಗಡೆಯ ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡು, "ಇದು ನನ್ನ ಮಾತು ಮಾತ್ರ ಕೇಳ್ತಿತ್ತು" ಎಂದರು. ಬಿದ್ದ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು. ಆ ಸಂಜೆಯೇ ನಾನು ನಮ್ಮ ಮನೆಯವರಿಗೆ ದುಂಬಾಲು ಬಿದ್ದೆ.

ತಮ್ಮ ಚಿಕಿತ್ಸೆಗೆ ಒಪ್ಪಿದ ಮೆಕ್ಯಾನಿಕ್ ಮಹಾಶಯರ ಬಗ್ಗೆ ಎಷ್ಟು ಹೇಳಿದರೂ ಸಾಲದು, ಅವರ ಬಗ್ಗೆ ಅವರೇ ಹೇಳಿಕೊಂಡು ಮುಗಿಯುವುದಿಲ್ಲ. ಈಗ ಮೊಬೈಲಿನ ಗಾಜು ಬದಲಾಯಿಸಿ ಹೊಟ್ಟೆ ಹೊರೆಯುವ ಅವರು, ತಮ್ಮ ಬಾಗಿಲು ಸರಿಸಿದ ಕೂಡಲೇ ಕಳೆದುಹೋದ ನೆಂಟರು ಸಿಕ್ಕಂತೆ ಕಣ್ಣರಳಿಸಿದರು. ಒಳಗೆ ಊದಿಕೊಂಡಿದ್ದ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದರು, ಒಂದು ಬಾಚಣಿಗೆಯನ್ನೂ ಹಲ್ಲಿಯ ಒಂದು ಸಂಸಾರವನ್ನೂ ಹೊರತೆಗೆದರು. ಈಗಿನ ಪ್ರಸಾರ ತಮಗೆ ಅರ್ಥವಾಗುವುದಿಲ್ಲವಾದ್ದರಿಂದ, ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿಯಿಟ್ಟು ಅದರಿಂದ ತಮಗೊಂದು ವಯರ್ ಎಳೆದರು. ಕಳೆದುಹೋಗಿದ್ದ ಚಾನೆಲ್ ತಿರುಗಣೆಯ ಜಾಗಕ್ಕೆ ಎಲ್ಲಿ ಹುಡುಕಿದರೂ ಜೋಡಿ ಸಿಗದೆ, ನಮ್ಮ ಹಳೆಯ ಗ್ಯಾಸ್ ಒಲೆಯದೊಂದನ್ನು ಕೂರಿಸಿದರು. ಈಗ ವಾರ್ತೆ ನೋಡಬೇಕಾದರೆ ಉರಿ ಸಣ್ಣದು ಮಾಡಬೇಕು. ಕೊನೆಯಲ್ಲಿ ಭೂತಗನ್ನಡಿ ಹಿಡಿದು ಎಡಗಡೆಯ ಬೋರ್ಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟ ಒಂದು ಬೆಸುಗೆಯನ್ನು ಪತ್ತೆಹಚ್ಚಿ, ಹಸಿರಿಗೆಲ್ಲ ಇದೇ ಕಾರಣವೆಂದು ಘೋಷಿಸಿ, ಹೊಸ ಬೆಸುಗೆ ಹಾಕಿ, "ಇನ್ನು ಈ ಜನ್ಮದಲ್ಲಿ ಕೆಡಲ್ಲ" ಎಂದು ಎದೆ ತಟ್ಟಿಕೊಂಡರು. ಪಾಪಿ ನಾನು, ಅವರಿಗೆ ಕಾಫಿ ಬೇರೆ ಮಾಡಿಕೊಟ್ಟೆ.

ಗೋಡೆಯ ತೆಳ್ಳಗಿನ ಟಿ.ವಿ. ನಮ್ಮ ಕೋಣೆಗೆ ಹೋಯಿತು. ತಮ್ಮ ಪುನರಾಗಮನದ ದಿನ ಅತ್ತೆ ಕರೆಯುವ ಮೊದಲೇ ಹಾಲಿಗೆ ಬಂದರು. ತಲೆ ಬಾಚಿಕೊಂಡಿದ್ದರು. ಕುರ್ಚಿಯನ್ನು ತಮ್ಮ ಎಡಕ್ಕೆ ಎಳೆದುಕೊಂಡು, ಬಲಗೈಯನ್ನು ಮಡಿಲಲ್ಲಿ ಸಿದ್ಧವಾಗಿಟ್ಟುಕೊಂಡು ಕೂತರು. ಚಿತ್ರ ಬಂತು, ಮುಖಗಳು ಬಂದವು, ಎಲ್ಲರೂ ಹಾಲು ಬಣ್ಣ, ಗೋಧಿ ಬಣ್ಣ, ಒಬ್ಬರಾದರೂ ಹಸಿರಾಗಲಿಲ್ಲ. ಒಂದು ಸಿನಿಮಾದ ಅರ್ಧ ಮುಗಿಯುವವರೆಗೂ ಅವರು ಕಾದರು. ಆಮೇಲೆ, "ಯಾವಾಗ ಹೋಗತ್ತೆ?" ಎಂದು ಮಗನನ್ನು ಕೇಳಿದರು. ನಮ್ಮ ಮನೆಯವರು ಹೆಮ್ಮೆಯಿಂದ, "ಇನ್ನು ಹೋಗಲ್ಲಮ್ಮ, ಗ್ಯಾರಂಟಿ ಕೊಟ್ಟಿದ್ದಾರೆ" ಎಂದರು. ಅತ್ತೆ "ಹೌದಾ, ಒಳ್ಳೇದಾಯ್ತು" ಎಂದು, ಕುರ್ಚಿಯನ್ನು ಇದ್ದಲ್ಲಿಗೇ ಎತ್ತಿಟ್ಟು ಕೋಣೆಗೆ ಹೋದರು. ಆ ಗಳಿಗೆಯಲ್ಲಿ ಗ್ಯಾರಂಟಿ ಸಮೇತ ತಮ್ಮನ್ನು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು, ತಮ್ಮ ತೂಕ ನೋಡಿ ಸುಮ್ಮನಾದೆ.

ಮರುದಿನವೇ ಮೆಕ್ಯಾನಿಕ್ಕರ ಅಂಗಡಿಗೆ ಹೋಗಿ, ದಯವಿಟ್ಟು ಆ ಬಿರುಕನ್ನು ಇದ್ದ ಹಾಗೇ ವಾಪಸು ಹಾಕಿಕೊಡಿ ಎಂದು ಕೇಳಿಕೊಂಡೆ. ಗುಣವಾದ ರೋಗಿಗೆ ಮತ್ತೆ ಜ್ವರ ಬರಿಸಿ ಎಂದರೆ ಡಾಕ್ಟರು ನೋಡುವ ಹಾಗೆ ನನ್ನನ್ನು ನೋಡಿ, ಅದೆಲ್ಲ ಅವರ ಹೆಸರಿಗೆ ಧಕ್ಕೆಯೆಂದು ಮುಖ ತಿರುಗಿಸಿದರು. ತಮ್ಮಲ್ಲೇ ನೇರವಾಗಿ ಪ್ರಯತ್ನಿಸಿದೆ. ಅಲುಗಾಡಿಸಿದೆ, ಗುದ್ದಿದೆ, ನನ್ನ ಮಗಳನ್ನು ಪಕ್ಕದಲ್ಲಿ ಕುಪ್ಪಳಿಸಲು ಹೇಳಿದೆ. ತಾವು ಬಂಡೆಯ ಹಾಗೆ ಕೂತು ಹವಾಮಾನ ವರದಿ ಹೇಳಿದಿರಿ.

ಬೇರೆ ದಾರಿ ಕಾಣದೆ ತಮ್ಮ ಕೆಲಸವನ್ನು ನಾನೇ ವಹಿಸಿಕೊಂಡೆ. ಸಂಜೆ ಆಫೀಸಿನಿಂದ ಬಂದು, ಗುಂಡಿ ಹೊಲಿಯುವ ನೆಪದಲ್ಲಿ ತಮ್ಮ ಹಿಂಬದಿಯ ಮೂಲೆಯಲ್ಲಿ ನೆಲದ ಮೇಲೆ ಕೂತು, ಆ ಡಬ್ಬಿಯ ವಯರನ್ನು ಮೆಲ್ಲಗೆ ಸಡಿಲಿಸುತ್ತೇನೆ. ಪರದೆಯ ತುಂಬಾ ಚುಕ್ಕೆ ಸುರಿಯುತ್ತದೆ. ಮೊದಲ ದಿನ ನಮ್ಮ ಮನೆಯವರು ವಯರ್ ನೋಡುತ್ತೇನೆಂದು ಎದ್ದೇಬಿಟ್ಟಿದ್ದರು, ನಾನು ಕಣ್ಣು ಬಿಟ್ಟ ರೀತಿಗೆ ಹಾಗೇ ಕೂತರು. ಮಗಳು "ಅಜ್ಜೀ" ಎಂದು ಕೂಗಿದಳು. ಅತ್ತೆ ಬಂದರು, ಅಂಗೈ ಅಗಲಿಸಿದರು, ಹೊಡೆದರು. ಏಟು ಬಿದ್ದ ಅದೇ ಕ್ಷಣಕ್ಕೆ ನಾನು ವಯರನ್ನು ಒತ್ತಿದೆ. ಚಿತ್ರ ಬಂತು. ಅತ್ತೆ ಪರದೆಯನ್ನೂ ನನ್ನನ್ನೂ ಒಂದು ಸಲ ನೋಡಿ ಕೋಣೆಗೆ ಹೋದರು. ಎರಡನೆಯ ದಿನ ಮಗನಿಗೆ ಕಾಲು ಮಡಿಸಿ ಕೂರಲು ಹೇಳಿದರು. ಮೂರನೆಯ ದಿನ ಟಿ.ವಿ.ಗೆ ಒಲೆಯ ತಿರುಗಣೆ ಹಾಕಿಸಿದ ಮಹಾನುಭಾವರು ಯಾರು ಎಂದು ವಿಚಾರಿಸಿದರು. ಆದರೆ ಹೊದಿಕೆಯ ವಿಷಯ ಮಾತ್ರ ಇನ್ನೂ ಎತ್ತಿಲ್ಲ. ಅದೊಂದನ್ನು ಕೇಳಿಸಿಕೊಳ್ಳಲು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಬಿನ್ನಹವೇನೆಂದರೆ, ನನ್ನ ಮಂಡಿ ಹಿಡಿದುಕೊಂಡಿದೆ, ಸೊಂಟ ಬೀಳುತ್ತಿದೆ, ಹೊಲಿಯಲು ಮನೆಯಲ್ಲಿ ಗುಂಡಿಗಳು ಉಳಿದಿಲ್ಲ. ಭದ್ರವಾಗಿದ್ದವನ್ನೂ ಕಿತ್ತು ಮತ್ತೆ ಹೊಲಿಯುತ್ತಿದ್ದೇನೆ. ಮೇಲಾಗಿ ನನ್ನಿಂದ ಬರೀ ಚುಕ್ಕೆ ಬರಿಸಲು ಸಾಧ್ಯ, ತಮ್ಮ ಆ ಹಸಿರು ನನ್ನ ಯೋಗ್ಯತೆಗೆ ಮೀರಿದ್ದು. ಅತ್ತೆಗೆ ಇದು ಗೊತ್ತಾದರೆ, ಅವರನ್ನು ಮಗುವಿನ ಹಾಗೆ ಆಡಿಸಿದೆನೆಂದು ನೊಂದು ಮತ್ತೆ ಕೋಣೆ ಸೇರಿಯಾರು, ಆಮೇಲೆ ಅವರನ್ನು ಹೊರಗೆ ಕರೆಯಲು ನನ್ನ ಹತ್ತಿರ ಬೇರೇನೂ ಇಲ್ಲ. ತಾವು ದೊಡ್ಡ ಮನಸ್ಸು ಮಾಡಿ, ದಿನಕ್ಕೊಮ್ಮೆ, ಸಾಧ್ಯವಾದರೆ ಸಿನಿಮಾದ ಅಳುವ ಭಾಗದಲ್ಲಿ, ತಾವಾಗಿಯೇ ಹಸಿರಾಗಿ, ಅವರ ಕೈಗೆ ಮಾತ್ರ ಮಣಿದು, ಉಳಿದವರ ಕೈಗೆ ಹಿಂದಿನಂತೆ ಕೆಂಡಾಮಂಡಲವಾಗಬೇಕೆಂದು ಬೇಡಿಕೊಳ್ಳುತ್ತೇನೆ. ಬೆಸುಗೆ ಗಟ್ಟಿಯಾಗಿದೆ ಎಂಬ ಸಬೂಬು ಬೇಡ. ಪೈಪು ಹೊಸದೆಂದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲವೆಂದು ನಮ್ಮ ಇಲಾಖೆ ಯಾರಿಗೂ ಭರವಸೆ ಕೊಟ್ಟಿಲ್ಲ. ನಮ್ಮಿಂದಾದರೂ ತಾವು ಕಲಿಯಬಹುದು.

ತಮ್ಮ ಕೃಪೆಯ ಹಸಿರನ್ನು ಎದುರುನೋಡುತ್ತಾ, ತಮ್ಮ ಬೆನ್ನ ಹಿಂದೆ ಕೂತ,

ತಮ್ಮ ವಿಶ್ವಾಸಿ,
ಈ ಮನೆಯ ಸೊಸೆ

ಮರೆತ ಮಾತು: ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಈ ಸಂಜೆಯ ಡ್ಯೂಟಿ ಮುಗಿಸಿ ಬಂದೆ. ಎಂದಿನಂತೆ ವಯರ್ ಸಡಿಲಿಸಿದೆ, ಚುಕ್ಕೆ ಬಂತು, ಮಗಳು ಕರೆದಳು, ಅತ್ತೆ ಬಂದರು. ಕೈ ಎತ್ತಿದವರು ಹೊಡೆಯದೆ, ತಮ್ಮ ಬೆನ್ನ ಹಿಂದೆ ನನ್ನ ಕಡೆಗೆ ಬಗ್ಗಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಹಿಡ್ಕೊಂಡಿದ್ದೀಯಾ? ಹೊಡೀಲಾ?" ಎಂದರು. ನಾನು ವಯರನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಅವರು ನಿಲ್ಲಿಸಲಿಲ್ಲ: "ಇದು ಹಿಂದೆ ಹಸಿರಾಗ್ತಿತ್ತು ಕಣೇ, ಚುಕ್ಕೆ ಎಲ್ಲಿ ಬರ್ತಿತ್ತು? ಮೊದಲನೇ ದಿನಾನೇ ಗೊತ್ತಾಯ್ತು. ಇರಲಿ ಅಂದ್ರೆ, ಒಂದೇ ಏಟಿಗೆ ಕೂಡಿಸಿಬಿಡ್ತೀಯ. ಒಂದೇ ಏಟಿಗೆ ಯಾವತ್ತು ಬಂದಿತ್ತು ಇದು? ಎರಡನೇದಕ್ಕೆ ಬರ್ತಿದ್ದಿದ್ದು. ಕೆಡಿಸೋದನ್ನಾದ್ರೂ ನೆಟ್ಟಗೆ ಮಾಡಬಾರದಾ, ಎಲ್ಲಾ ನಿನ್ನ ಹೊದಿಕೆ ಮಡಿಸೋ ಹಾಗೇ." ಆಮೇಲೆ ಎರಡು ಏಟು ಹೊಡೆದರು. ನಾನು ಎರಡನೆಯದಕ್ಕೆ ವಯರ್ ಒತ್ತಿದೆ. ಕಣ್ಣಲ್ಲಿ ನೀರು ತುಂಬಿ ತೂತು ಕಾಣದೆ ಸ್ವಲ್ಪ ತಡವಾಯಿತು, ಅದಕ್ಕೂ ಬೈದರು. ಆದಕಾರಣ ಮೇಲಿನ ದೂರನ್ನು ಈ ಮೂಲಕ ಹಿಂಪಡೆದಿದ್ದೇನೆ. ತಾವು ಇನ್ನು ಮುಂದೆ ಕೆಡುವ ತೊಂದರೆ ತೆಗೆದುಕೊಳ್ಳುವುದು ಬೇಡ, ಆ ಕೆಲಸಕ್ಕೆ ನಾವಿಬ್ಬರಿದ್ದೇವೆ. ನಾಳೆಯೋ ನಾಡಿದ್ದೋ ತಾವಾಗಿಯೇ ಕೆಟ್ಟು ನಮ್ಮಿಬ್ಬರ ನಡುವೆ ಬಂದರೆ ಮಾತ್ರ ನಾನು ಸುಮ್ಮನಿರುವವಳಲ್ಲ.