ನಂಜಪ್ಪನ ಎಡಗಾಲು

"ಅಲ್ಲಾ, ಈ ಎಡಗಾಲನ್ನ ದೇವ್ರು ಯಾತಕ್ಕಾದ್ರೂ ಮಾಡ್ದ?"

ಕೇಳಿದವನು ನಂಜಪ್ಪ. ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಎದುರಿಗಿದ್ದದ್ದು ಅವನ ಡೀಸೆಲ್ ಪಿಕಪ್ ಒಂದೇ. ಅದೂ ಬೆಳಗಿನ ಪೂಜೆಯ ಕುಂಕುಮ ಹಚ್ಚಿಸಿಕೊಂಡು, ಹೂವಿನ ಹಾರ ಹಾಕಿಸಿಕೊಂಡು, ಮದುವೆ ಗಂಡಿನಂತೆ ಸುಮ್ಮನೆ ನಿಂತಿತ್ತು.

ಅರಸೀಕೆರೆಯಿಂದ ನಾಲ್ಕೂ ದಿಕ್ಕಿಗೆ ತೆಂಗಿನಕಾಯಿ ಹೊತ್ತು, ವರ್ಷಾನುಗಟ್ಟಲೆ ಕ್ಲಚ್ಚು ತುಳಿದು ತುಳಿದು ನಂಜಪ್ಪನ ಎಡಮಂಡಿ ಸವೆದುಹೋಗಿತ್ತು. ಒತ್ತಿದಾಗಲೆಲ್ಲ ಒಳಗೆ ಒಣಕೊಬ್ಬರಿ ಮುರಿದಂತೆ ಸದ್ದು. ಅದನ್ನು ಕೇಳಿ ಕೇಳಿ ಸಾಕಾದ ಹೆಂಡತಿ ರುಕ್ಮಿಣಮ್ಮ ತೀರ್ಪು ಕೊಟ್ಟುಬಿಟ್ಟಿದ್ದಳು: "ಸ್ಟೇರಿಂಗು ನನ್ ತಮ್ಮ ತಿಮ್ಮೇಶನ ಕೈಗೆ ಕೊಟ್ಟು, ನೀವು ಜಗಲಿ ಮೇಲೆ ಕುಂತ್ಕೊಳಿ."

ನಂಜಪ್ಪನಿಗೆ ಸ್ಟೇರಿಂಗು ಕೊಡುವುದೂ ಒಂದೇ, ಮೀಸೆ ಬೋಳಿಸಿಕೊಳ್ಳುವುದೂ ಒಂದೇ. ಅದರಲ್ಲೂ ತಿಮ್ಮೇಶನಿಗೆ! ಹಿಂದಕ್ಕೆ ತೆಗಿ ಅಂದರೆ ಮುಂದಕ್ಕೆ ಬಿಟ್ಟು ದನದ ಕೊಟ್ಟಿಗೆ ಕೆಡವಿದ ಮಹಾನುಭಾವ ಅವನು.

ಆಗ ದಾರಿ ತೋರಿಸಿದವನು ಗ್ಯಾರೇಜಿನ ಜವರಣ್ಣ. "ಫಾರಿನ್ ಗಾಡಿಗೆ ಕ್ಲಚ್ಚೇ ಇರಾಕಿಲ್ಲ ಕಣಣ್ಣ. ಗೇರು ತಾನಾಗೇ ಬೀಳ್ತದೆ. ಅಂಥದೊಂದು ಆಟೋಮ್ಯಾಟಿಕ್ ಗೇರ್‌ಬಾಕ್ಸು ತಂದು ಕೂರಿಸ್‌ಬಿಡಾನ."

ಮೊದಲು ತಂದದ್ದು ಪೆಟ್ರೋಲ್ ಕಾರಿನದು. ಡೀಸೆಲ್ ಎಂಜಿನ್ನಿನ ನಿಧಾನದ ನಡೆ ಅದಕ್ಕೆ ಹಿಡಿಸಲಿಲ್ಲ. ಗಾಡಿ ಮೊದಲ ಗೇರಿನಲ್ಲೇ, ಒಂದೇ ಶ್ರುತಿಗೆ ಅಂಟಿಕೊಂಡ ಹಾರ್ಮೋನಿಯಂನಂತೆ ಊರೆಲ್ಲ ಗೋಳಾಡಿತು. ಬೀದಿಯವರು ನಕ್ಕರು. ನಂಜಪ್ಪ ಜಗ್ಗಲಿಲ್ಲ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿಸಿ, ಯಾವುದೋ ಫಾರಿನ್ ಡೀಸೆಲ್ ವ್ಯಾನಿನ ಇನ್ನೊಂದು ಗೇರ್‌ಬಾಕ್ಸು ತರಿಸಿದ. ನಿನ್ನೆ ಸಂಜೆ ಅದು ಕೂತಿತು. ಕ್ಲಚ್ಚಿನ ಪೆಡಲನ್ನು ಕಿತ್ತೆಸೆದ ಜವರಣ್ಣ, ಆ ಜಾಗ ಬೋಳುಬೋಳಾಗಿ ಕಾಣುತ್ತದೆಂದು ಬ್ರೇಕಿಗೊಂದು ಅಗಲವಾದ ತಗಡು ಬೆಸೆದುಕೊಟ್ಟ.

ಇವತ್ತು ಪರೀಕ್ಷೆ. ಬೇಲೂರಿನ ಕಲ್ಯಾಣ ಮಂಟಪಕ್ಕೆ ತಾಂಬೂಲದ ತೆಂಗಿನಕಾಯಿ ಸಾಗಿಸಬೇಕು. ಜನ ಊಟ ಮುಗಿಸಿ ಏಳುವುದರೊಳಗೆ ಕಾಯಿ ಅಲ್ಲಿರಬೇಕು.

"ನಾನೂ ಬತ್ತೀನಿ," ಎಂದಳು ರುಕ್ಮಿಣಮ್ಮ. "ನೆಟ್ಟಗೆ ಹೋಗಿ ಬಂದ್ರೆ ಸ್ಟೇರಿಂಗು ನಿಮ್ದೇ. ಇಲ್ಲಾಂದ್ರೆ ನಾಳೆಯಿಂದ ತಿಮ್ಮೇಶಂದು."

"ಆಗ್ಲಿ ಕಣೇ! ಜೇನ್ಕಲ್ ಸಿದ್ದಪ್ಪನಾಣೆ!"

ಪಕ್ಕದ ಮನೆಯ ಸಣ್ಣಯ್ಯ, ರಿಟೈರಾದ ಬಸ್ ಕಂಡಕ್ಟರು, ಕರೆಯದೆಯೇ ಬಂದು ಕಾಯಿಮೂಟೆಗಳ ಮೇಲೆ ಕೂತಾಗಿತ್ತು. "ಕ್ಲಚ್ಚಿಲ್ದಿರೋ ಗಾಡಿ ಅಂದ್ರೆ ಲಗಾಮಿಲ್ದಿರೋ ಕುದುರೆ ಕಣ್ಲಾ ನಂಜಪ್ಪ. ಹೆಣ್ಣುಮಗಳು ಬೇರೆ ಬತ್ತಾವ್ಳೆ. ಜೊತೆಗೊಬ್ಬ ತಿಳಿದೋನು ಇರ್ಲಿ. ರೈಟ್ ರೈಟ್!"

"ಗಾಡಿ ಮುಂದಿನ ಲೈಟ್ ಉರೀತಾ ಐತಲ್ರೀ," ಎಂದಳು ರುಕ್ಮಿಣಮ್ಮ.

"ಪೂಜೆಗೆ ಹಚ್ಚಿದ ದೀಪ. ಮೊದಲ ಪ್ರಯಾಣ ಮುಗಿಯೋಗಂಟ ಆರಿಸಬಾರ್ದು," ಎಂದ ನಂಜಪ್ಪ.

ಗಾಡಿ ಹೊರಟಿತು. ಮೊಸರಿನ ಮೇಲೆ ಬೆರಳು ಎಳೆದಂತೆ ಗೇರುಗಳು ತಾವಾಗಿಯೇ ಬಿದ್ದವು. ನಂಜಪ್ಪನ ಕಣ್ಣಲ್ಲಿ ನೀರೇ ಬಂತು. ರುಕ್ಮಿಣಮ್ಮ ಮಾತ್ರ ಅವನ ಕಾಲನ್ನೇ ನೋಡುತ್ತಿದ್ದಳು.

"ಇದನ್ನ ಒತ್ತಿದ್ರೆ ಓಡ್ತದೆ. ಪಕ್ಕದ್ದು ಒತ್ತಿದ್ರೆ ನಿಂತ್ಕತದೆ. ಇಷ್ಟೇನಾ?"

"ಇಷ್ಟೇನಾ ಅಂದ್ರೆ? ಅದಕ್ಕೆ ಅನುಭವ ಬೇಕು ಕಣೇ, ಅನುಭವ!"

ಜಾವಗಲ್ಲಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಗೇರು ಇಳಿಸಬೇಕೆಂದು ನಂಜಪ್ಪನ ತಲೆ ಯೋಚಿಸುವ ಮೊದಲೇ, ಅವನ ಅನುಭವಸ್ಥ ಎಡಗಾಲು ಹಳೆಯ ಜಾಗಕ್ಕೆ ಹಾರಿ, ಕ್ಲಚ್ಚೆಂದು ಆ ಅಗಲದ ತಗಡನ್ನು ಬಲವಾಗಿ ತುಳಿಯಿತು. ಗಾಡಿ ಗೂಟಕ್ಕೆ ಕಟ್ಟಿದ ಹೋರಿಯಂತೆ ನಿಂತಲ್ಲೇ ನಿಂತಿತು. ಮೂಟೆಯೊಂದು ಬಿರಿದು ಕಾಯಿಗಳು ಕ್ಯಾಬಿನ್ನಿಗೆ ಢಬಢಬ ಬಡಿದವು. ಅವುಗಳ ಜೊತೆಗೇ ಸಣ್ಣಯ್ಯನ ತಲೆಯೂ.

"ಅಯ್ಯಯ್ಯೋ! ಕಾಯಿ ಒಡೆಯಾಕೆ ನನ್ನ ತಲೆನೇ ಬೇಕಿತ್ತಾ?"

ಎಮ್ಮೆ ಆಚೆ ಹೋಗಿ ಎಷ್ಟೋ ಹೊತ್ತಾಗಿತ್ತು. ಗಾಡಿ ಮುಂದೆ ಹೋಯಿತು. ತಿರುವು ಬಂತು, ಢಬ್. ಹಂಪು ಬಂತು, ಢಬ್. ದಾರಿಯುದ್ದಕ್ಕೂ ಸಣ್ಣಯ್ಯನ ಬೈಗುಳ ಹರಿಕಥೆಯ ತಾಳದಂತೆ ತಪ್ಪದೆ ಬೀಳುತ್ತಿತ್ತು.

"ತಿಮ್ಮೇಶಂಗೆ ಹೇಳಿಕಳಿಸ್ಲಾ?" ರುಕ್ಮಿಣಮ್ಮ ಮೆಲ್ಲಗೆ ಕೇಳಿದಳು.

ನಂಜಪ್ಪ ಹಲ್ಲು ಕಚ್ಚಿದ. ಗಾಡಿ ನಿಲ್ಲಿಸಿ ಹೆಗಲ ಟವೆಲ್ಲು ತೆಗೆದು, ತನ್ನ ಎಡಗಾಲನ್ನು ಸೀಟಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿಕೊಂಡ. "ಈಗ ಅದೆಲ್ಲಿ ತುಳೀತದೋ ನೋಡ್ತೀನಿ."

ಆಮೇಲೆ ನಿಜವಾಗಿಯೂ ಗಾಡಿ ಹೂವಿನಷ್ಟು ಹಗುರಾಗಿ ಸಾಗಿತು. ಹಳೇಬೀಡಿನಲ್ಲಿ ಸಣ್ಣಯ್ಯನ ಗಾಯಕ್ಕೆ ಕಾಫಿಪುಡಿ ಮೆತ್ತಿಸಲೆಂದು ಹೋಟೆಲ್ ಮುಂದೆ ಎಂಜಿನ್ ಆರಿಸಿದರು. ಕೂತಲ್ಲಿಗೇ ಕಾಫಿ ತರಿಸಿಕೊಂಡು ಕುಡಿದ ನಂಜಪ್ಪ ಮತ್ತೆ ಕೀ ತಿರುಗಿಸಿದ. ಗಾಡಿ ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪೂಜೆಯ ದೀಪ ಹಳೆಯ ಬ್ಯಾಟರಿಯನ್ನು ಪೂರ್ತಿ ಕುಡಿದುಬಿಟ್ಟಿತ್ತು.

"ಅದಕ್ಯಾಕೆ ಯೋಚ್ನೆ? ತಳ್ಳುದ್ರೆ ಆಯ್ತು!" ಸಣ್ಣಯ್ಯ ಕಂಡಕ್ಟರ್ ಸೀಟಿ ಊದಿದ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಓಡಿಬಂದರು. ನಮ್ಮ ಕಡೆ ಸಾಲ ಕೇಳಿದರೆ ಮುಖ ತಿರುಗಿಸುವವನೂ ಗಾಡಿ ತಳ್ಳಲು ಕರೆದರೆ ಇಲ್ಲವೆನ್ನುವುದಿಲ್ಲ. ಐಸಾ ಎಂದರು, ತಳ್ಳಿದರು. ಕೆರೆ ಏರಿಯವರೆಗೂ ತಳ್ಳಿದರು. ಅಲ್ಲಿಂದ ತಿರುಗಿಸಿ ವಾಪಸ್ಸೂ ತಳ್ಳಿದರು. ಒಳಗೆ ಕಾಲು ಕಟ್ಟಿಕೊಂಡ ನಂಜಪ್ಪ ಉತ್ಸವಮೂರ್ತಿಯಂತೆ ಅಲ್ಲಾಡದೆ ಕೂತಿದ್ದ.

"ಡ್ರೈವರ್ ಸಾಹೇಬ್ರು ಇಳಿದು ಒಂದು ಕೈ ಹಾಕಬಾರ್ದಾ?" ಒಬ್ಬ ಕುಟುಕಿದ.

"ಅವ್ರಿಗೆ ಕಾಲು ಕಟ್ಟೈತೆ," ಎಂದಳು ರುಕ್ಮಿಣಮ್ಮ, ಮುಖ ಆಚೆ ತಿರುಗಿಸಿ.

ಕೊನೆಗೆ ಬಿಕ್ಕೋಡಿನ ಜೀಪ್ ಡ್ರೈವರೊಬ್ಬ ಇಣುಕಿ ನೋಡಿ ಹಣೆ ಚಚ್ಚಿಕೊಂಡ. "ಇದು ಆಟೋಮ್ಯಾಟಿಕ್ ಕಣ್ರಯ್ಯ! ಇದನ್ನ ಬೇಲೂರ್‌ಗಂಟ ತಳ್ಳುದ್ರೂ ಸ್ಟಾರ್ಟ್ ಆಗಾಕಿಲ್ಲ!" ತನ್ನ ಬ್ಯಾಟರಿಯಿಂದ ವೈರು ಎಳೆದು ಅವನೇ ಸ್ಟಾರ್ಟ್ ಮಾಡಿಕೊಟ್ಟ. ತಳ್ಳಿದವರು ಬರಿಗೈಯಲ್ಲಿ ಹೋಗಲಿಲ್ಲ. ಬಿರಿದ ಮೂಟೆಯ ಕಾಯಿ ಎಲ್ಲರಿಗೂ ತಾಂಬೂಲವಾಯಿತು.

ಬೇಲೂರಿನಲ್ಲಿ ಕಲ್ಯಾಣ ಮಂಟಪದ ಮುಂದೆ ಗಾಡಿ ನಿಂತಾಗ ಮೊದಲ ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದರು. "ಕಾಯಿ ಬಂತು! ನಂಜಪ್ಪ ಬಂದ!" ಎಂದು ಕೂಗಾಯಿತು. ಗೆದ್ದಿದ್ದ ನಂಜಪ್ಪ! ಮೀಸೆಯ ಮೇಲೆ ಕೈಯಾಡಿಸಿ, ಹೆಂಡತಿಯ ಕಡೆ ಒಂದು ನೋಟ ಬೀರಿ, ಬಾಗಿಲು ತೆಗೆದು ರಾಜಠೀವಿಯಿಂದ ಬಲಗಾಲನ್ನು ಹೊರಕ್ಕಿಟ್ಟು ಧುಮುಕಿದ.

ಎಡಗಾಲು ಬರಲಿಲ್ಲ. ಅದು ಸೀಟಿಗೆ ಕಟ್ಟಿಹಾಕಿಸಿಕೊಂಡು ಕ್ಷೇಮವಾಗಿತ್ತು.

ಮಿಕ್ಕ ನಂಜಪ್ಪ ಬಾವಲಿಯಂತೆ ತಲೆಕೆಳಗಾಗಿ ಜೋತುಬಿದ್ದ. ಬೀಳುವಾಗ ಮೈಭಾರವೆಲ್ಲ ಹೊತ್ತ ಬಲಗಾಲಿನ ಪಾದ ಮಡಚಿ 'ಲಟ್' ಎಂದಿತು.

ಬೇಲೂರಿನ ಡಾಕ್ಟರು ಮೊಣಕಾಲಿನವರೆಗೆ ಬಿಳಿಯ ಕಟ್ಟು ಹಾಕಿದರು. ತಮಾಷೆಯೆಂದರೆ, ಬೆಳಗಿನಿಂದ ಕೆಲಸವಿಲ್ಲದೆ ಸುಖಪಟ್ಟ ಎಡಮಂಡಿಯಲ್ಲಿ ಎಳ್ಳಷ್ಟೂ ನೋವಿರಲಿಲ್ಲ. ಆದರೆ ಈ ಗಾಡಿಗೆ ಬೇಕಾದದ್ದು ಬಲಗಾಲು!

ಸಣ್ಣಯ್ಯ ಎಸ್‌ಟಿಡಿ ಬೂತಿಗೆ ಓಡಿ ತಿಮ್ಮೇಶನಿಗೆ ಸುದ್ದಿ ಮುಟ್ಟಿಸಿ ಬಂದ. "ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತಾನಂತೆ. ಅಲ್ಲೀಗಂಟ ನಾವು ಇಲ್ಲೇ."

"ನಾಳೆಗಂಟ ಯಾತಕ್ಕೆ?" ರುಕ್ಮಿಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವರ್ ಸೀಟಿಗೆ ಏರಿದಳು. "ಒಂದು ಬಲಗಾಲು ಇದ್ರೆ ಸಾಕಲ್ವಾ? ನನಗೂ ಐತೆ."

"ಲೈಸೆನ್ಸು?" ಸಣ್ಣಯ್ಯ ಬಾಯಿ ಬಿಟ್ಟ.

"ಇವ್ರ ಹತ್ರ ಐತಲ್ಲ. ಪಕ್ಕದಲ್ಲೇ ಕುಂತವ್ರೆ."

ಅವಳ ಎಡಗಾಲಿಗೆ ಯಾವ ಅನುಭವವೂ ಇರಲಿಲ್ಲ. ಹಾಗಾಗಿ ಅದು ತೆಪ್ಪಗೆ ಮಡಚಿಕೊಂಡು ಕೂತಿತ್ತು. ಗಾಡಿ ಹಳೇಬೀಡು ದಾಟಿತು, ಜಾವಗಲ್ ದಾಟಿತು. ಎಮ್ಮೆ ಬಂತು, ಹೋಯಿತು. ಒಂದೇ ಒಂದು ಢಬ್ ಇಲ್ಲ. ಹಿಂದೆ ಸಣ್ಣಯ್ಯ ಗೊರಕೆ ಹೊಡೆಯುತ್ತಿದ್ದ. ಯುದ್ಧದ ನಡುವೆ ರಥದ ಚಕ್ರ ಕಾಯ್ದ ರಾಣಿ ಆಮೇಲೆ ಎರಡು ವರ ಕೇಳಿದ್ದು ನಂಜಪ್ಪನಿಗೆ ಯಾಕೋ ನೆನಪಾಗಿ, ಎದೆ ಝಲ್ಲೆಂದಿತು.

ದೀಪ ಹಚ್ಚುವ ಹೊತ್ತಿಗೆ ಅರಸೀಕೆರೆ ಬಂತು. ಬೀದಿಗೆ ಬೀದಿಯೇ ಹೊರಬಂದು ನಿಂತಿತು. ಜಗಲಿಯ ಮೇಲೆ, ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದ ತಿಮ್ಮೇಶ ನಾಳೆಯ ಬಸ್ಸಿಗೆ ಈಗಲೇ ಸಿದ್ಧನಾಗಿ ಕೂತಿದ್ದ. ಅಕ್ಕ ಗಾಡಿ ನಿಲ್ಲಿಸಿದ್ದನ್ನು ಕಂಡು ಒಂದು ಕ್ಷಣ ಬೆಪ್ಪಾದರೂ ಓಡಿಬಂದು ಕೈ ಚಾಚಿದ. "ಅಕ್ಕಾ, ಕೀ?"

"ಏಯ್, ಅವನ್ಯಾರು ಕೇಳಾಕೆ?" ನಂಜಪ್ಪ ಕುಂಟುತ್ತಲೇ ಮಧ್ಯೆ ಬಂದು ತಾನೂ ಕೈ ಚಾಚಿದ. ದನಿ ಮಾತ್ರ ತಗ್ಗಿತ್ತು. "ಹೊತ್ತಿಗೆ ಸರಿಯಾಗಿ ಕಾಯಿ ಮುಟ್ಟಿಸಿದ್ದೀನಿ. ಮಾತು ಅಂದ್ರೆ ಮಾತು. ತಾ ಕಣೇ, ಕೀ ಕೊಡು."

ರುಕ್ಮಿಣಮ್ಮ ಇಬ್ಬರ ಕೈಯನ್ನೂ ನೋಡಿದಳು. ಆಮೇಲೆ ಕೀಯನ್ನು ತನ್ನ ತಾಳಿಸರದ ಪಿನ್ನಿಗೆ ಸಿಕ್ಕಿಸಿ, ಪಿನ್ನನ್ನು ಭದ್ರವಾಗಿ ಒತ್ತಿ, ಸೆರಗು ಹೊದ್ದುಕೊಂಡಳು.

"ಕೊಡಾಕಿಲ್ಲ."